ಕಂಪ್ಯೂಟರ್ ದುರಸ್ತಿಯಲ್ಲಿ ಸ್ಥಾಯಿ ವಿದ್ಯುತ್ ಹಾನಿ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ

ಕಂಪ್ಯೂಟರಿನ ಹೊದಿಕೆ ಬಿಚ್ಚಿ ಕೆಲಸ ಮಾಡುವವರ ಮೈಯಲ್ಲಿ ಕೂಡಿಕೊಂಡ ವಿದ್ಯುದಾವೇಶ, ಬೆರಳು ತಾಗಿದೊಡನೆ ಒಳಗಿನ ಚಿಪ್‌ಗೆ ನುಗ್ಗಿ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಕೆಡಿಸುವುದೇ ಸ್ಥಾಯಿ ವಿದ್ಯುತ್ ಹಾನಿ. ದುರಸ್ತಿ ಅಂಗಡಿಗಳಲ್ಲಿ ಇದು ಬರೀ ‘ಸ್ಟ್ಯಾಟಿಕ್’. ಇದನ್ನು ತಡೆಯುವ ಬಗೆಯನ್ನು ಹೇಳುವ ಪುಸ್ತಕಗಳು ಹೆಚ್ಚಾಗಿ ಚಳಿ ದೇಶದವರು ಬರೆದವು. ನೆಲದ ತುಂಬ ಕಾರ್ಪೆಟ್, ಬಿಸಿಗಾಳಿ ಹಾಯಿಸಿ ಒಣಗಿಸಿದ ಕೋಣೆ, ಗೋಡೆಯ ಪ್ರತಿ ಸಾಕೆಟ್ಟಿನಲ್ಲೂ ನಂಬಬಹುದಾದ ಅರ್ಥ್, ಇವು ಇವೆ ಎಂದುಕೊಂಡೇ ಆ ಪುಸ್ತಕಗಳು ಮಾತಾಡುತ್ತವೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್.ಪೇಟೆ), ನಾಗಮಂಗಲ ತಾಲ್ಲೂಕುಗಳಲ್ಲಿ ಕಾರ್ಪೆಟ್ಟೂ ಇಲ್ಲ, ಹಿಮಗಾಲವೂ ಇಲ್ಲ. ಆದರೆ ಪಾಲಿಯೆಸ್ಟರ್ ಅಂಗಿ, ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಕವರ್, ಮಾಘ ಫಾಲ್ಗುಣದ ಒಣ ಮಧ್ಯಾಹ್ನ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲಿಗೂ ಸೇರದ ಮೂರನೇ ತಂತಿ, ಅಂದರೆ ಅರ್ಥ್ ತಂತಿ, ಇದೆ. ಇಲ್ಲಿ ಸ್ಟ್ಯಾಟಿಕ್ ತಡೆಯ ಮಾತು ಮಣಿಕಟ್ಟಿಗೆ ಕಟ್ಟುವ ಕೈಪಟ್ಟಿಯಿಂದಲ್ಲ, ಅರ್ಥಿಂಗ್‌ನಿಂದ ಶುರುವಾಗಬೇಕು.

ಹಾನಿಯ ಬಗೆ

ಆವೇಶ ಹುಟ್ಟುವುದಕ್ಕೆ ಉಜ್ಜಾಟವೇ ಬೇಕೆಂದಿಲ್ಲ. ಎರಡು ವಸ್ತುಗಳು ತಾಗಿ ಬೇರ್ಪಟ್ಟರೆ ಸಾಕು, ಒಂದರಿಂದ ಇನ್ನೊಂದಕ್ಕೆ ಒಂದಿಷ್ಟು ಎಲೆಕ್ಟ್ರಾನುಗಳು ದಾಟಿರುತ್ತವೆ. ಉಜ್ಜಿದರೆ ತಾಗುವ ಜಾಗ ಹೆಚ್ಚಿ ಆವೇಶವೂ ಹೆಚ್ಚುತ್ತದೆ. ಗಾಜು, ಕೂದಲು, ನೈಲಾನ್, ಉಣ್ಣೆ, ರೇಷ್ಮೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಕಡೆಯವು. ಪಾಲಿಯೆಸ್ಟರ್, ಪಾಲಿಥೀನ್, ಪಿವಿಸಿ, ಟೆಫ್ಲಾನ್ ಕಸಿದುಕೊಳ್ಳುವ ಕಡೆಯವು. ಹತ್ತಿ ಮತ್ತು ಕಾಗದ ನಡುವೆ ನಿಲ್ಲುತ್ತವೆ. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಯ ಗಾಜಿನ ಹತ್ತಿರ ಮುಂಗೈ ಹಿಡಿದಾಗ ರೋಮ ನಿಮಿರುತ್ತಿದ್ದುದು ಈ ಸ್ಥಾಯಿ ವಿದ್ಯುತ್ತಿನಿಂದಲೇ, ಆ ಗಾಜಿಗೆ ದೂಳು ಮೆತ್ತಿಕೊಳ್ಳುತ್ತಿದ್ದುದೂ ಅದರಿಂದಲೇ.

ಮನುಷ್ಯನ ದೇಹ ಸುಮಾರು 100 ಪಿಕೊಫ್ಯಾರಡ್ ಧಾರಣಶಕ್ತಿಯ ಕೆಪಾಸಿಟರಿನ ಹಾಗೆ ವರ್ತಿಸುತ್ತದೆ. ಚಿಪ್ ಪರೀಕ್ಷೆಯಲ್ಲಿ ಬಳಸುವ ‘ಮಾನವ ದೇಹ ಮಾದರಿ’ ಇದೇ 100 ಪಿಕೊಫ್ಯಾರಡ್ ಮತ್ತು 1,500 ಓಮ್ ರೋಧವನ್ನು ಹಿಡಿದು ರೂಪಿಸಿದ್ದು. ಬೆರಳಿಗೆ ಚುರ್ ಅನ್ನಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಇರಬೇಕು. ಅಷ್ಟಿದ್ದರೂ ಅದರೊಳಗಿನ ಶಕ್ತಿ ಅರ್ಧ ಮಿಲಿಜೂಲ್‌ಗೂ ಕಡಿಮೆ, ನಮಗೆ ಅಪಾಯವಿಲ್ಲ. ಆದರೆ ಆ ಮಾದರಿಯ ಲೆಕ್ಕದಲ್ಲಿ ಕ್ಷಣಮಾತ್ರ ಹರಿಯುವ ವಿದ್ಯುತ್ 2 ಆಂಪಿಯರ್ ಮುಟ್ಟುತ್ತದೆ, ಅದೆಲ್ಲವೂ ಒಂದು ಸೂಜಿಮೊನೆಯಷ್ಟು ಜಾಗದ ಮೂಲಕ ಹೋಗಬೇಕು. ಇಂದಿನ ಟ್ರಾನ್ಸಿಸ್ಟರುಗಳ ದ್ವಾರದ ಕೆಳಗಿನ ಆಕ್ಸೈಡ್ ಪದರದ ದಪ್ಪ ಕೆಲವೇ ನ್ಯಾನೊಮೀಟರ್. ಒಳ್ಳೆಯ ಸಿಲಿಕಾನ್ ಡೈಆಕ್ಸೈಡ್ ನ್ಯಾನೊಮೀಟರ್‌ಗೆ ಹೆಚ್ಚುಕಡಿಮೆ 1 ವೋಲ್ಟ್ ತಡೆದೀತು. ತಯಾರಕರು ಚಿಪ್‌ನ ಪ್ರತಿ ಕಾಲಿಗೂ ರಕ್ಷಣಾ ಡಯೋಡುಗಳನ್ನು ಕೂರಿಸಿರುತ್ತಾರೆ, ಅದರ ಬಲದಿಂದ ಹೆಚ್ಚಿನವು ಕೆಲವು ನೂರರಿಂದ ಒಂದೆರಡು ಸಾವಿರ ವೋಲ್ಟ್‌ವರೆಗಿನ ಪೆಟ್ಟು ತಾಳುತ್ತವೆ. ಕಾರ್ಖಾನೆಗಳು ಅನುಸರಿಸುವ ಆನ್ಸಿ/ಇಎಸ್‌ಡಿ ಎಸ್ 20.20 ಮತ್ತು ಐಇಸಿ 61340-5-1 ಮಾನದಂಡಗಳು 100 ವೋಲ್ಟ್ ಪೆಟ್ಟಿಗೇ ಕೆಡಬಲ್ಲ ಭಾಗಗಳನ್ನೂ ಕಾಪಾಡುವಂತೆ ರಚಿತವಾಗಿವೆ. ಎಂದರೆ ಚಿಪ್ ಸತ್ತರೂ ಅದನ್ನು ಕೊಂದ ಬೆರಳಿಗೆ ಏನೂ ತಿಳಿಯದಿರಬಹುದು. ‘ನನಗೆ ಯಾವತ್ತೂ ಶಾಕ್ ಹೊಡೆದಿಲ್ಲ, ಹಾಗಾಗಿ ಸ್ಟ್ಯಾಟಿಕ್ ಇಲ್ಲ’ ಎಂಬ ವಾದ ನಿಲ್ಲದಿರುವುದು ಈ ಕಾರಣಕ್ಕೆ.

ಪೆಟ್ಟು ಬಿದ್ದ ಚಿಪ್ ಅಲ್ಲೇ ಸತ್ತರೆ ಪತ್ತೆಯಾದರೂ ಆಗುತ್ತದೆ. ಹೆಚ್ಚು ತೊಂದರೆ ಕೊಡುವುದು ಸಾಯದೆ ಉಳಿದದ್ದು. ಕಾಂಡಕೊರಕ ಹೊಕ್ಕ ಕಬ್ಬಿನ ಹಾಗೆ ಹೊರಗೆ ನೆಟ್ಟಗೆ ಕಾಣುತ್ತದೆ, ಒಳಗೆ ಗಾಯ ಬೆಳೆಯುತ್ತಿರುತ್ತದೆ. ಕಂಪ್ಯೂಟರ್ ಕೆಲವು ವಾರ ಸರಿಯಾಗಿ ಓಡಿ, ಆಮೇಲೆ ಇದ್ದಕ್ಕಿದ್ದ ಹಾಗೆ ನೀಲಿ ಪರದೆ ತೋರಿಸತೊಡಗುತ್ತದೆ. ಬಿಸಿಯಾದಾಗ ಮಾತ್ರ ನಿಲ್ಲುತ್ತದೆ. ಒಂದು ಯುಎಸ್‌ಬಿ ಕಿಂಡಿ ಮಾತ್ರ ಸತ್ತಿರುತ್ತದೆ. ಗಿರಾಕಿ ಅಂಗಡಿಗೆ ಮರಳುತ್ತಾರೆ, ಅಂಗಡಿಯವರು ಕಳಪೆ ರ್‍ಯಾಮ್ ಎಂದು ವಿತರಕರನ್ನು ದೂರುತ್ತಾರೆ. ಚಿಪ್ಪಿನ ಮೇಲ್ಕವಚ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ತಪ್ಪು ಯಾವ ಕೈಯದು ಎಂಬುದು ತಿಳಿಯುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಅಂಥ ಪರೀಕ್ಷೆಗೆ ದಾರಿಯಿಲ್ಲ. ಹಾಗಾಗಿ ಇಲ್ಲಿ ತಡೆಯೊಂದೇ ಉಪಾಯ.

ಮುಚ್ಚಿದ ಕಂಪ್ಯೂಟರ್ ಇಷ್ಟು ಸುಕುಮಾರವಲ್ಲ. ಮಾರಾಟಕ್ಕೆ ಬರುವ ಯಂತ್ರಗಳನ್ನು ಐಇಸಿ 61000-4-2 ಮಾನದಂಡದ ಪ್ರಕಾರ ಕೃತಕ ಕಿಡಿ ಹೊಡೆದು ಪರೀಕ್ಷಿಸಲಾಗುತ್ತದೆ. ಅದರ ನಾಲ್ಕನೇ ಹಂತದಲ್ಲಿ ನೇರ ಸ್ಪರ್ಶಕ್ಕೆ 8,000 ವೋಲ್ಟ್, ಗಾಳಿಯ ಮೂಲಕ 15,000 ವೋಲ್ಟ್. ಆ ಪೆಟ್ಟನ್ನು ತಡೆದುಕೊಳ್ಳುವುದು ಲೋಹದ ಕ್ಯಾಬಿನೆಟ್ಟು ಮತ್ತು ಕಿಂಡಿಗಳ ಬಳಿಯ ರಕ್ಷಣಾ ಭಾಗಗಳು. ಸ್ಕ್ರೂ ಬಿಚ್ಚಿ ಬೋರ್ಡನ್ನು ಹೊರಗೆ ತೆಗೆದಾಗ ಆ ರಕ್ಷಣೆಯ ಬಹುಭಾಗ ಮೇಜಿನ ಒಂದು ಪಕ್ಕದಲ್ಲಿ ಬಿದ್ದಿರುತ್ತದೆ.

ಹವೆ ಮತ್ತು ನೆಲ

ದುರಸ್ತಿಗಾರರ ಕೈಪಿಡಿಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಒಂದು ಪಟ್ಟಿ ಆರ್ದ್ರತೆಯ ಮಹತ್ವವನ್ನು ಚೆನ್ನಾಗಿ ತೋರಿಸುತ್ತದೆ. ಗಾಳಿಯ ತೇವ ಶೇಕಡಾ 10–20 ಇದ್ದಾಗ ಕಾರ್ಪೆಟ್ ಮೇಲೆ ನಡೆದವರ ಮೈಮೇಲೆ 35,000 ವೋಲ್ಟ್ ಕೂಡಬಹುದು. ಶೇಕಡಾ 65–90 ಇದ್ದಾಗ ಅದು 1,500ಕ್ಕೆ ಇಳಿಯುತ್ತದೆ. ಮೇಜಿನ ಮೇಲಿಂದ ಸಾಧಾರಣ ಪಾಲಿಥೀನ್ ಕವರ್ ಎತ್ತಿದರೆ ಒಣ ಹವೆಯಲ್ಲಿ 20,000, ತೇವದಲ್ಲಿ 1,200. ಮೇಜಿನ ಮುಂದೆ ಕೂತು ಕೆಲಸ ಮಾಡುವವರಲ್ಲಿ 6,000 ಮತ್ತು 100. ಕಾರ್ಪೆಟ್ಟಿನ ಸಾಲನ್ನು ಇಲ್ಲಿ ಬಿಟ್ಟುಬಿಡಬಹುದು, ಉಳಿದ ಎರಡು ಸಾಲು ಪಾಂಡವಪುರದ ಅಂಗಡಿಗೂ ಹೊಂದುತ್ತವೆ.

ಜೂನ್‌ನಿಂದ ನವೆಂಬರ್‌ವರೆಗೆ ಈ ತಾಲ್ಲೂಕುಗಳಲ್ಲಿ ಸ್ಥಾಯಿ ವಿದ್ಯುತ್ತಿನ ಕಾಟ ಅಷ್ಟಾಗಿ ಇರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹವೆ ಬದಲಾಗುತ್ತದೆ. ಶಿವರಾತ್ರಿಯಿಂದ ಯುಗಾದಿವರೆಗಿನ ಮಧ್ಯಾಹ್ನಗಳಲ್ಲಿ ಗಾಳಿಯ ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುವುದು ಮೈಸೂರು–ಮಂಡ್ಯ ಭಾಗದಲ್ಲಿ ಸಾಮಾನ್ಯ. ಬಾಚಣಿಗೆಗೆ ಕೂದಲು ಅಂಟುವ, ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಪಟ ಸದ್ದು ಬರುವ ದಿನಗಳು ಇವೇ. ಮಳೆಗಾಲದ ಅಭ್ಯಾಸದಲ್ಲೇ ಬರಿಗೈಯಿಂದ ಬೋರ್ಡು ಎತ್ತುವವರು ಪೆಟ್ಟು ತಿನ್ನುವುದು ಈ ದಿನಗಳಲ್ಲಿ. ಆರ್ದ್ರತೆಯನ್ನು ಶೇಕಡಾ 40ಕ್ಕಿಂತ ಮೇಲೆ ಇಟ್ಟುಕೊಂಡರೆ ಆವೇಶ ಬಹಳಷ್ಟು ತಾನೇ ಸೋರಿಹೋಗುತ್ತದೆ. ಕೆಲಸಕ್ಕೆ ಮೊದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವ ಮನೆಗಳ ರೂಢಿ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಯಂತ್ರದ ಪ್ಲಗ್ ಕಿತ್ತಿರಬೇಕು ಅಷ್ಟೆ.

ನೆಲವೂ ಮುಖ್ಯ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಸಿಮೆಂಟ್ ಗಾರೆ, ಕಲ್ಲು ಚಪ್ಪಡಿ ಇವು ಸ್ವಲ್ಪ ತೇವ ಹಿಡಿದುಕೊಂಡು ಆವೇಶವನ್ನು ನಿಧಾನವಾಗಿ ಹರಿಯಬಿಡುತ್ತವೆ. ಬರಿಗಾಲಲ್ಲಿ ಗಾರೆ ನೆಲದ ಮೇಲೆ ನಿಂತವರ ಮೈಮೇಲೆ ಆವೇಶ ಬಹಳ ಹೊತ್ತು ನಿಲ್ಲುವುದಿಲ್ಲ. ಹೊಸ ಕಟ್ಟಡಗಳ ವಿಟ್ರಿಫೈಡ್ ಟೈಲ್ಸ್, ಅಂಗಡಿಗಳಲ್ಲಿ ಹಾಸುವ ಪಿವಿಸಿ ಹಾಸು, ಕಾಲಿಗೆ ರಬ್ಬರ್ ಚಪ್ಪಲಿ, ಕೂರಲು ಪ್ಲಾಸ್ಟಿಕ್ ಕುರ್ಚಿ ಸೇರಿದರೆ ಸೋರುವ ದಾರಿಯೇ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ ಕ್ಷಣ ಮೈಮೇಲಿನ ವೋಲ್ಟೇಜು ಸಾವಿರಗಳಿಗೆ ಜಿಗಿಯುತ್ತದೆ. ಎದ್ದವರು ಮೊದಲು ಮುಟ್ಟುವುದು ಮೇಜಿನ ಮೇಲಿನ ಮದರ್‌ಬೋರ್ಡ್ ಆಗಿರುವುದೇ ಹೆಚ್ಚು.

ಉಡುಪಿನ ಮಾತಿಗೆ ಬಂದರೆ ಈ ನೆಲಕ್ಕೆ ಹೊರಗಿನ ಉಪದೇಶ ಬೇಕಿಲ್ಲ. ಮೇಲುಕೋಟೆಯ ಪಂಚೆ, ಅಲ್ಲಿನ ಜನಪದ ಸೇವಾ ಟ್ರಸ್ಟ್ ನೇಯಿಸುತ್ತ ಬಂದಿರುವ ಖಾದಿ ಎರಡೂ ಹತ್ತಿ. ದುರಸ್ತಿ ಮೇಜಿನ ಮುಂದೆ ಕೂರುವವರಿಗೆ ತೋಳು ಮಡಿಸಿದ ಹತ್ತಿ ಅಂಗಿಗಿಂತ ಒಳ್ಳೆಯ ಉಡುಪು ಅಗ್ಗದಲ್ಲಿ ಸಿಗುವುದಿಲ್ಲ.

ಕಿಡಿಯ ಭಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆಗಳು ಇನ್ನೂ ಇವೆ. ದಪ್ಪ ಇಟ್ಟಿಗೆ ಗೋಡೆಯ, ಅರ್ಧ ನೆಲದೊಳಗೆ ಹೂತಂತಿರುವ ಕಟ್ಟಡಗಳು ಅವು. ಮದ್ದು ಒಣಗಿರಬೇಕು, ಆದರೆ ಒಣ ಹವೆಯೇ ಕಿಡಿಗೆ ಅನುಕೂಲ. ಲೋಕದ ಮದ್ದಿನ ಉಗ್ರಾಣಗಳೆಲ್ಲ ಎದುರಿಸಿದ ಈ ಇಕ್ಕಟ್ಟು ಕಂಪ್ಯೂಟರ್ ಬೋರ್ಡುಗಳಿಗೂ ಇದೆ: ತೇವ ಹೆಚ್ಚಾದರೆ ತಾಮ್ರಕ್ಕೆ ಕಿಲುಬು, ಕಡಿಮೆಯಾದರೆ ಸ್ಟ್ಯಾಟಿಕ್.

ಮೂರನೇ ತಂತಿ

ಇದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನೂರಿಪ್ಪತ್ತು ವರ್ಷಗಳ ಮೇಲೂ ಜಿಲ್ಲೆಯ ಎಷ್ಟೋ ಮನೆ, ಅಂಗಡಿಗಳ ತ್ರೀ ಪಿನ್ ಸಾಕೆಟ್ಟಿನಲ್ಲಿ ಮೇಲಿನ ದಪ್ಪ ತೂತಿಗೆ ತಂತಿಯೇ ಇರುವುದಿಲ್ಲ. ಇದ್ದರೂ ಅದು ಮೀಟರ್ ಬೋರ್ಡಿನ ಹಿಂದೆ ಎಲ್ಲೋ ಕೊನೆಗೊಂಡಿರುತ್ತದೆ. ಸರಬರಾಜು ಮಾಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಜನರ ಬಾಯಲ್ಲಿ ಸೆಸ್ಕ್. ಮನೆಯ ಅರ್ಥಿಂಗ್ ಗುಂಡಿಯನ್ನು ರೂಢಿಯಲ್ಲಿ ಮನೆ ಕಟ್ಟಿಸಿದವರೇ ತೋಡಿಸುತ್ತಾರೆ, ಅಥವಾ ಖರ್ಚೆಂದು ಬಿಟ್ಟುಬಿಡುತ್ತಾರೆ.

ಇದರ ಫಲ ಎಲ್ಲರಿಗೂ ಪರಿಚಿತ: ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಮಿಣುಕುತ್ತದೆ. ಇದನ್ನು ಬಹಳ ಜನ ಸ್ಟ್ಯಾಟಿಕ್ ಎನ್ನುತ್ತಾರೆ. ಇದು ಸ್ಟ್ಯಾಟಿಕ್ ಅಲ್ಲವೇ ಅಲ್ಲ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ ವಿದ್ಯುತ್ ಗದ್ದಲ ಅಡಗಿಸಲು ಲೈನ್‌ನಿಂದ ಕ್ಯಾಬಿನೆಟ್ಟಿಗೂ ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೂ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅರ್ಥ್ ಇದ್ದರೆ ಅವುಗಳ ಮೂಲಕ ಸೋರುವ ಅಲ್ಪ ವಿದ್ಯುತ್ ನೆಲ ಸೇರುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟಿನ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಸೋರುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ಜೀವಕ್ಕೆ ತೊಂದರೆಯಿಲ್ಲ, ಆದರೆ ಬೋರ್ಡಿಗೆ ಇದೆ. ಅರ್ಥ್ ಇಲ್ಲದ ಎರಡು ಯಂತ್ರಗಳನ್ನು ಚಾಲೂ ಇಟ್ಟುಕೊಂಡೇ ವಿಜಿಎ ಅಥವಾ ಪ್ರಿಂಟರ್ ಕೇಬಲ್ಲಿನಿಂದ ಜೋಡಿಸುವಾಗ ಕಾಣುವ ಕಿಡಿ ಇದರದ್ದೇ. ಸಿಗ್ನಲ್ ತಂತಿ ಕವಚಕ್ಕಿಂತ ಮೊದಲು ತಾಗಿದರೆ ಕಿಂಡಿಯ ಚಿಪ್ ಹೋಗುತ್ತದೆ. ಎರಡು ಪಿನ್ನಿನ ಅಗ್ಗದ ಸೋಲ್ಡರಿಂಗ್ ಐರನ್‌ನ ತುದಿಯಲ್ಲೂ ಹೀಗೆ ಸೋರುವ ವೋಲ್ಟೇಜ್ ಇರಬಲ್ಲದು. ಚಿಪ್ ಲೆವೆಲ್ ಕೆಲಸ ಮಾಡುವವರಿಗೆ ಮೂರು ಪಿನ್ನಿನ, ತುದಿ ಅರ್ಥ್ ಆಗಿರುವ ಐರನ್ ಬೇಕೇಬೇಕು.

ಅರ್ಥ್ ಇಲ್ಲದ ಜುಮ್ಮೆನ್ನುವಿಕೆಗೆ ಕೆಲವು ವೈರಿಂಗ್ ಕೆಲಸಗಾರರು ಕಂಡುಕೊಂಡ ಮದ್ದು ಸಾಕೆಟ್ಟಿನೊಳಗೇ ನ್ಯೂಟ್ರಲನ್ನೂ ಅರ್ಥ್ ಪಿನ್ನನ್ನೂ ಒಂದು ತುಂಡು ತಂತಿಯಿಂದ ಸೇರಿಸುವುದು. ಜುಮ್ಮೆನ್ನುವುದು ನಿಲ್ಲುತ್ತದೆ. ಆದರೆ ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ, ಅಥವಾ ಯಾರೋ ರಿಪೇರಿಯಲ್ಲಿ ಲೈನ್–ನ್ಯೂಟ್ರಲ್ ಅದಲುಬದಲು ಮಾಡಿದ ದಿನ, ಇಡೀ ಕ್ಯಾಬಿನೆಟ್ಟಿನಲ್ಲಿ 230 ವೋಲ್ಟ್ ಬಂದು ನಿಲ್ಲುತ್ತದೆ. ಶಾಲೆಯ ಲ್ಯಾಬಿನಲ್ಲಿ, ಸಾಲಾಗಿ ಕೂತ ಮಕ್ಕಳ ನಡುವೆ, ಹೀಗಾಗಬಹುದೆಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಈ ಜೋಡಣೆ ಎಲ್ಲಿ ಕಂಡರೂ ಮೊದಲು ಬಿಚ್ಚಿಸಬೇಕು.

ಅರ್ಥ್ ಇದೆಯೇ ಎಂದು ನೋಡುವುದು ಕಷ್ಟವಲ್ಲ, ಬಲ್ಲವರ ಕೈಯಲ್ಲಿ. ಮಲ್ಟಿಮೀಟರಿನಲ್ಲಿ ಲೈನ್–ನ್ಯೂಟ್ರಲ್ ನಡುವೆ ಸುಮಾರು 230, ಲೈನ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಬೇಕು. ಇಷ್ಟಕ್ಕೇ ಸಮಾಧಾನ ಸಾಲದು. ಡಿಜಿಟಲ್ ಮೀಟರ್ ಬಹಳ ಕಡಿಮೆ ವಿದ್ಯುತ್ ಎಳೆಯುವುದರಿಂದ ತುಕ್ಕು ಹಿಡಿದ, ಕೂದಲೆಳೆಯಷ್ಟು ಉಳಿದ ಅರ್ಥ್ ತಂತಿಯಲ್ಲೂ 230 ತೋರಿಸಿಬಿಡುತ್ತದೆ. ಲೈನ್ ಮತ್ತು ಅರ್ಥ್ ನಡುವೆ ಹಳೆಯ ತಂತಿ ಬಲ್ಬ್ ಇಟ್ಟು ಅದು ಪೂರ್ತಿ ಉರಿಯುತ್ತದೆಯೇ ಎಂದು ನೋಡುವ ಎಲೆಕ್ಟ್ರಿಷಿಯನ್ನರ ಪರೀಕ್ಷೆ ಹೆಚ್ಚು ನಂಬಿಕೆಯದು. ಸೋರಿಕೆ ತಡೆಯುವ ಆರ್‌ಸಿಸಿಬಿ ಇದ್ದರೆ ಈ ಪರೀಕ್ಷೆಯಲ್ಲಿ ಅದು ಬಿದ್ದುಹೋಗುತ್ತದೆ. ಬಿದ್ದರೆ ಅದೂ ಅರ್ಥ್ ಇದೆ ಎಂಬುದರ ಗುರುತೇ.

ಇಲ್ಲಿ ನಾಲ್ಕು ತಾಲ್ಲೂಕುಗಳ ಮಣ್ಣಿನ ಮಾತು ಬರುತ್ತದೆ. ಅರ್ಥಿಂಗ್ ಗುಂಡಿಯ ರೋಧ ಮಣ್ಣಿನ ತೇವವನ್ನು ಅವಲಂಬಿಸಿದೆ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಪಾಂಡವಪುರದ ಬಯಲು, ಕಾವೇರಿ ಸುತ್ತುವರಿದ ಶ್ರೀರಂಗಪಟ್ಟಣ, ಕೆ.ಆರ್.ಪೇಟೆಯ ಹೇಮಾವತಿ ದಂಡೆ, ಇಲ್ಲೆಲ್ಲ ಸಾಧಾರಣವಾಗಿ ತೋಡಿದ ಗುಂಡಿಯೂ ಕೆಲಸ ಮಾಡುತ್ತದೆ. ನಾಗಮಂಗಲದ ಮಳೆಯಾಶ್ರಿತ ರಾಗಿ ಹೊಲಗಳ ಗರಸು ಮಣ್ಣು, ಕಲ್ಲುನೆಲ ಹಾಗಲ್ಲ. ಭಾರತೀಯ ಮಾನದಂಡ ಐಎಸ್ 3043 ಪೈಪ್ ಅರ್ಥಿಂಗ್‌ಗೆ ಕನಿಷ್ಠ 2.5 ಮೀಟರ್ ಉದ್ದದ ಕೊಳವೆ ಕೇಳುತ್ತದೆ. ಇದ್ದಿಲು, ಉಪ್ಪು ತುಂಬಿ ಮೇಲೆ ನೀರು ಹೊಯ್ಯಲು ಬಾಯಿ ಬಿಡುವ ರೂಢಿ ಇರುವುದು ಬೇಸಿಗೆಗಾಗಿಯೇ. ಗುಂಡಿಗೆ ನೀರು ಹಾಕುವುದನ್ನು ಮರೆತ ಕಟ್ಟಡದಲ್ಲಿ ಅರ್ಥ್ ಹೆಸರಿಗಷ್ಟೆ.

ಆದರೆ ಎರಡು ಬೇಡಿಕೆಗಳನ್ನು ಬೆರೆಸಬಾರದು. ಮೈಮೇಲಿನ ಆವೇಶ ಇಳಿಸಲು ತೀರ ಒಳ್ಳೆಯ ಅರ್ಥ್ ಬೇಡ. ದಾರಿಯ ರೋಧ ನೂರು ಕೋಟಿ ಓಮ್ ಇದ್ದರೂ 100 ಪಿಕೊಫ್ಯಾರಡ್ಡಿನ ಆವೇಶ ಒಂದು ಸೆಕೆಂಡಿನೊಳಗೆ ಇಳಿದುಹೋಗುತ್ತದೆ. ನಾಗಮಂಗಲದ ಒಣ ಗುಂಡಿಯೂ ಅಷ್ಟಕ್ಕೆ ಸಾಕು. ಎಸ್‌ಎಂಪಿಎಸ್ ಒಳಗೆ ಲೈನ್ ತಂತಿ ಕಳಚಿ ಕ್ಯಾಬಿನೆಟ್ಟಿಗೆ ತಾಗಿದಾಗ ಫ್ಯೂಸ್ ಹಾರಿಸಿ ಜೀವ ಉಳಿಸಬೇಕಾದರೆ ಮಾತ್ರ ಅರ್ಥ್ ಕೆಲವೇ ಓಮ್ ಇರಬೇಕು. ಚಿಪ್ ಉಳಿಸುವ ಅರ್ಥ್ ಮನುಷ್ಯನನ್ನು ಉಳಿಸದೆ ಇರಬಹುದು. ಹಾಗಾಗಿ ಸ್ಟ್ಯಾಟಿಕ್ ತಡೆಯ ಹೆಸರಿನಲ್ಲಿ ಯಾರೂ ತಮ್ಮ ಮೈಯನ್ನು ನೇರವಾಗಿ, ಬರಿಯ ತಂತಿಯಿಂದ ಅರ್ಥ್‌ಗೆ ಕಟ್ಟಿಕೊಳ್ಳಬಾರದು.

ಕೈಪಟ್ಟಿ

ರಿಸ್ಟ್ ಸ್ಟ್ರ್ಯಾಪ್ ಎಂಬ ಕೈಪಟ್ಟಿಯ ತಂತಿಯಲ್ಲಿ ಒಂದು ಮೆಗಾಓಮ್ ರೋಧ ಹುದುಗಿಸಿರುವುದು ಇದಕ್ಕಾಗಿ. ಇನ್ನೊಂದು ಕೈ ಆಕಸ್ಮಿಕವಾಗಿ 230 ವೋಲ್ಟಿಗೆ ತಾಗಿದರೂ ಪಟ್ಟಿಯ ಮೂಲಕ ಹರಿಯುವುದು 0.23 ಮಿಲಿಆಂಪಿಯರ್, ಮೈಗೆ ತಿಳಿಯದಷ್ಟು ಕಡಿಮೆ. ಆವೇಶ ಇಳಿಯುವುದಕ್ಕೆ ಆ ರೋಧ ಅಡ್ಡಿಯೇ ಅಲ್ಲ. ಬರಿಗಾಲಲ್ಲಿ ಗಾರೆ ನೆಲದ ಮೇಲೆ ನಿಲ್ಲುವುದು ಆವೇಶ ಇಳಿಸಲು ಒಳ್ಳೆಯದು, ಕರೆಂಟಿನ ಮುಂದೆ ಕೆಟ್ಟದ್ದು. ಈ ಇಕ್ಕಟ್ಟನ್ನು ಕೈಪಟ್ಟಿಯ ಒಂದು ಮೆಗಾಓಮ್ ಬಿಡಿಸುತ್ತದೆ: ಕಾಲಿಗೆ ಚಪ್ಪಲಿ ಹಾಕಿಕೊಂಡೇ ಇರಬಹುದು.

ಪಟ್ಟಿ ಕೊಂಡ ದಿನ, ಆಮೇಲೂ ಆಗಾಗ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮಣಿಕಟ್ಟಿಗೆ ತಾಗುವ ಲೋಹದ ಬಿಲ್ಲೆಗೂ ಇನ್ನೊಂದನ್ನು ತಂತಿಯ ತುದಿಯ ಕ್ಲಿಪ್ಪಿಗೂ ಇಟ್ಟು ನೋಡಬೇಕು. ಸುಮಾರು ಒಂದು ಮೆಗಾಓಮ್ ತೋರಿದರೆ ಸರಿ. ಏನೂ ತೋರದಿದ್ದರೆ ಒಳಗೆ ತಂತಿ ಕಡಿದಿದೆ. ಸೊನ್ನೆ ತೋರಿದರೆ ರೋಧವೇ ಇಲ್ಲದ ಮಾಲು, ಅದನ್ನು ಕೈಗೆ ಕಟ್ಟಬಾರದು. ಸಡಿಲವಾಗಿ ಅಂಗಿಯ ತೋಳಿನ ಮೇಲೆ ಕಟ್ಟಿದ ಪಟ್ಟಿಯಿಂದ ಉಪಯೋಗವಿಲ್ಲ. ತಂತಿಯೇ ಇಲ್ಲದ ‘ವೈರ್‌ಲೆಸ್’ ಪಟ್ಟಿಗಳು ಆವೇಶವನ್ನು ಎಲ್ಲಿಗೂ ಸಾಗಿಸಲಾರವು. ಅವನ್ನು ಮಾರುವುದು ಗಿರಾಕಿಗೆ ಮಾಡುವ ಮೋಸ.

ಕ್ಲಿಪ್ಪನ್ನು ಎಲ್ಲಿಗೆ ಸಿಕ್ಕಿಸಬೇಕು? ‘ಕಂಪ್ಯೂಟರಿನ ಪ್ಲಗ್ ಸಿಕ್ಕಿಸಿಯೇ ಇಟ್ಟು, ಸ್ವಿಚ್ ಆರಿಸಿ, ಕ್ಯಾಬಿನೆಟ್ ಮುಟ್ಟುತ್ತಿರಿ’ ಎಂಬ ಸಲಹೆ ಬಹಳ ಕಡೆ ಓದಲು ಸಿಗುತ್ತದೆ. ಅರ್ಥ್ ಇಲ್ಲದ ಸಾಕೆಟ್ಟಿನಲ್ಲಿ ಇದು ತಲೆಕೆಳಗಾದ ಸಲಹೆ. ಮೇಲಾಗಿ ಸಾಕೆಟ್ಟಿನ ಸ್ವಿಚ್ ಆರಿಸದೆ ಕಂಪ್ಯೂಟರನ್ನು ಮಾತ್ರ ಶಟ್‌ಡೌನ್ ಮಾಡಿದ್ದರೆ ಮದರ್‌ಬೋರ್ಡಿನಲ್ಲಿ 5 ವೋಲ್ಟಿನ ಸ್ಟ್ಯಾಂಡ್‌ಬೈ ಜೀವಂತವಾಗಿರುತ್ತದೆ. ಆ ಸ್ಥಿತಿಯಲ್ಲಿ ರ್‍ಯಾಮ್ ಎಳೆದರೆ ಅದನ್ನು ಕೆಡಿಸಲು ಸ್ಥಾಯಿ ವಿದ್ಯುತ್ತೇ ಬೇಕಿಲ್ಲ. ನಮ್ಮ ಪರಿಸ್ಥಿತಿಗೆ ಸರಿಹೊಂದುವ ಕ್ರಮ ಬೇರೆ. ಪ್ಲಗ್ ಪೂರ್ತಿ ಕೀಳಬೇಕು. ಪವರ್ ಬಟನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದದ್ದನ್ನು ಬರಿದು ಮಾಡಬೇಕು; ಲ್ಯಾಪ್‌ಟಾಪ್ ಆದರೆ ಹಿಂದಿನ ಮುಚ್ಚಳ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಆಮೇಲೆ ಕೈಪಟ್ಟಿಯ ಕ್ಲಿಪ್ಪನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ, ಉದಾಹರಣೆಗೆ ಎಸ್‌ಎಂಪಿಎಸ್ ಸ್ಕ್ರೂ ಇರುವ ಜಾಗಕ್ಕೆ, ಕಚ್ಚಿಸಬೇಕು. ಬಣ್ಣದ ಪದರ ವಿದ್ಯುತ್ತನ್ನು ಬಿಡುವುದಿಲ್ಲ. ಈಗ ಕ್ಯಾಬಿನೆಟ್ ನೆಲಕ್ಕೆ ಸೇರಿಲ್ಲದೆ ಇರಬಹುದು, ಆದರೂ ಕೈಯೂ ಬೋರ್ಡೂ ಒಂದೇ ವೋಲ್ಟೇಜಿನಲ್ಲಿವೆ. ಎರಡು ವಸ್ತುಗಳ ನಡುವೆ ವ್ಯತ್ಯಾಸವಿಲ್ಲದಿದ್ದರೆ ಕಿಡಿ ಹಾರುವುದಿಲ್ಲ. ಮನೆಯಲ್ಲಿ ಒಂದು ರ್‍ಯಾಮ್ ಬದಲಿಸುವವರಿಗೆ ಇಷ್ಟು ಸಾಕು.

ದಿನವೂ ಬೋರ್ಡು ಮುಟ್ಟುವ ಅಂಗಡಿಗೆ ಇದರ ಜೊತೆ ಮೇಜಿನ ಮೇಲೆ ಹಾಸುವ, ಸ್ಟ್ಯಾಟಿಕ್ ತಡೆಯುವ ಇಎಸ್‌ಡಿ ಮ್ಯಾಟ್ ಬೇಕು. ಅದರ ರೋಧ ಹತ್ತು ಲಕ್ಷದಿಂದ ನೂರು ಕೋಟಿ ಓಮ್ ನಡುವೆ ಇರುತ್ತದೆ. ಲೋಹದ ತಗಡು ಹಾಸಿದರೆ ಆವೇಶ ಹೊತ್ತ ಬೋರ್ಡು ತಾಗಿದ ಕ್ಷಣ ತಾನೇ ಕಿಡಿ ಹಾರಿಸುತ್ತದೆ, ಮ್ಯಾಟ್ ಆದರೆ ಮೆಲ್ಲನೆ ಇಳಿಸುತ್ತದೆ. ಮ್ಯಾಟ್ ಮತ್ತು ಕೈಪಟ್ಟಿ ಎರಡನ್ನೂ ಒಂದೇ ಬಿಂದುವಿಗೆ ತಂದು, ಅಲ್ಲಿಂದ ಪರೀಕ್ಷಿಸಿದ ಅರ್ಥ್‌ಗೆ ಒಯ್ಯಬೇಕು.

ಕೈಗೆ ಅಂಟಿದ ಅಭ್ಯಾಸಗಳು

ಡಿಸ್‌ಪ್ಲೇ ಬರದ ಕಂಪ್ಯೂಟರಿಗೆ ನಮ್ಮ ಅಂಗಡಿಗಳಲ್ಲಿ ಮೊದಲ ಚಿಕಿತ್ಸೆ ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು. ಕಂಪ್ಯೂಟರ್ ಎಷ್ಟೋ ಸಲ ಎದ್ದು ಕೂರುತ್ತದೆ, ಹಾಗಾಗಿ ಅಭ್ಯಾಸ ಬಿಡುವುದಿಲ್ಲ. ಆದರೆ ರಬ್ಬರನ್ನು ಉಜ್ಜುವುದೆಂದರೆ ಆವೇಶವನ್ನು ಕೈಯಾರೆ ತಯಾರಿಸಿ ಚಿಪ್ಪಿನ ಕಾಲಿಗೇ ಬಡಿಸಿದಂತೆ. ಜೊತೆಗೆ ತೆಳು ಚಿನ್ನದ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟ್ ಸೇರುತ್ತದೆ. ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಂದೆರಡು ಸಲ ಒರೆಸಿದರೆ ಅದೇ ಕೆಲಸ ಆಗುತ್ತದೆ. ರ್‍ಯಾಮನ್ನು ಅಂಚಿನಲ್ಲಿ ಹಿಡಿಯಬೇಕು. ಹಲ್ಲುಗಳನ್ನೂ ಚಿಪ್‌ಗಳನ್ನೂ ಮುಟ್ಟಬಾರದು.

ದೂಳು ಈ ಭಾಗದ ದೊಡ್ಡ ಪಿಡುಗು. ಆಲೆಮನೆಯ ಹೊಗೆಮಸಿ, ಹಳ್ಳಿ ರಸ್ತೆಗಳ ಕೆಮ್ಮಣ್ಣು ಎಲ್ಲವೂ ಕ್ಯಾಬಿನೆಟ್ಟಿನ ಫ್ಯಾನ್ ಎಳೆದುಕೊಂಡು ಒಳಗೆ ಸೇರುತ್ತವೆ. ಬ್ಲೋವರ್ ಹೊಡೆಯುವುದು ತಪ್ಪಲ್ಲ, ಆದರೆ ಒಣ ದೂಳಿನ ರಭಸವೇ ಆವೇಶ ಹುಟ್ಟಿಸುತ್ತದೆ, ಪ್ಲಾಸ್ಟಿಕ್ ಮೂತಿ ಅದನ್ನು ಹೊತ್ತುಕೊಂಡಿರುತ್ತದೆ. ಮೂತಿ ಬೋರ್ಡಿಗೆ ತಾಗಬಾರದು. ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಗೆ ವೇಗವಾಗಿ ತಿರುಗಿದ ಫ್ಯಾನ್ ತಾನೇ ಡೈನಮೊ ಆಗಿ ಬೋರ್ಡಿಗೆ ವಿದ್ಯುತ್ ತಳ್ಳಬಲ್ಲದು. ನೈಲಾನ್ ಕೂದಲಿನ ಪೇಂಟ್ ಬ್ರಷ್ಷಿಗಿಂತ ನೈಸರ್ಗಿಕ ಕೂದಲಿನ ಬ್ರಷ್ ವಾಸಿ, ಇಎಸ್‌ಡಿ ಬ್ರಷ್ ಇನ್ನೂ ವಾಸಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ.

ಅರ್ಥ್ ಮಾಡಿ ಆವೇಶ ಇಳಿಸುವುದು ವಿದ್ಯುತ್ ಹರಿಯುವ ವಸ್ತುಗಳಿಗೆ ಮಾತ್ರ ಸಾಧ್ಯ. ಪ್ಲಾಸ್ಟಿಕ್ ಡಬ್ಬ, ಥರ್ಮೋಕೋಲ್, ಸೆಲ್ಲೋ ಟೇಪ್, ಪಾಲಿಥೀನ್ ಕವರ್ ಇವಕ್ಕೆ ತಂತಿ ಕಟ್ಟಿದರೂ ಆವೇಶ ಕದಲದು. ಕಾರ್ಖಾನೆಗಳಲ್ಲಿ ಅಯಾನುಗಳನ್ನು ಊದುವ ಯಂತ್ರ ಇಟ್ಟಿರುತ್ತಾರೆ. ಸಣ್ಣ ಅಂಗಡಿಗೆ ಉಳಿದ ದಾರಿ ಅವನ್ನು ಕೆಲಸದ ಜಾಗದಿಂದ ಒಂದು ಅಡಿಯಾದರೂ ದೂರ ಇಡುವುದು. ಟೀ ಕುಡಿದ ಪ್ಲಾಸ್ಟಿಕ್ ಲೋಟಕ್ಕೂ ಈ ನಿಯಮ ಸಲ್ಲುತ್ತದೆ.

ಸಾಗಾಟದಲ್ಲಿ ಆಗುವ ಹಾನಿಗೆ ಯಾರೂ ಲೆಕ್ಕವಿಟ್ಟಂತಿಲ್ಲ. ಚಿಪ್ ಲೆವೆಲ್ ಕೆಲಸಕ್ಕೆ ಬೋರ್ಡುಗಳು ಇಲ್ಲಿಂದ ಮೈಸೂರಿಗೂ ಬೆಂಗಳೂರಿನ ಎಸ್.ಪಿ. ರಸ್ತೆಗೂ ಬಸ್ಸಿನಲ್ಲಿ ಹೋಗಿ ಬರುತ್ತವೆ. ಸುತ್ತಿರುವುದು ಸಾಮಾನ್ಯವಾಗಿ ಬಟ್ಟೆ ಅಂಗಡಿಯ ಕವರ್ ಅಥವಾ ಗುಳ್ಳೆ ಹಾಳೆ; ದಾರಿಯುದ್ದಕ್ಕೂ ಕುಲುಕಾಟದಲ್ಲಿ ಪ್ಲಾಸ್ಟಿಕ್ ಬೋರ್ಡನ್ನು ಉಜ್ಜುತ್ತಲೇ ಇರುತ್ತದೆ. ಗುಲಾಬಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲ ತಾನು ಆವೇಶ ಹುಟ್ಟಿಸುವುದಿಲ್ಲ, ಆದರೆ ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಲೋಹದ ಪದರವಿರುವ ಬೂದು ಬೆಳ್ಳಿ ಬಣ್ಣದ ಚೀಲ ಎರಡನ್ನೂ ಮಾಡುತ್ತದೆ, ಬಾಯಿ ಮಡಿಸಿ ಮುಚ್ಚಿದ್ದರೆ ಮಾತ್ರ. ಹೊಸ ಮದರ್‌ಬೋರ್ಡಿನ ಜೊತೆ ಬರುವ ಈ ಚೀಲವನ್ನು ಬಿಸಾಡದೆ ಎತ್ತಿಟ್ಟುಕೊಳ್ಳಬೇಕು. ಸಿಗದಿದ್ದರೆ ಪ್ಲಾಸ್ಟಿಕ್ಕಿಗಿಂತ ಮಾಮೂಲಿ ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡುವುದು ಎಷ್ಟೋ ಮೇಲು. ಅದೇ ಬೆಳ್ಳಿ ಚೀಲದ ಮೇಲೆ ಬೋರ್ಡು ಇಟ್ಟು ಚಾಲೂ ಮಾಡುವುದು ಮಾತ್ರ ಕೂಡದು. ಚೀಲ ಸ್ವಲ್ಪ ವಿದ್ಯುತ್ ಹರಿಸುತ್ತದೆ, ಬೋರ್ಡಿನ ಅಡಿಯ ಕಾಲುಗಳು ಅದರ ಮೂಲಕ ಕೂಡಿಕೊಳ್ಳಬಹುದು.

ಸ್ಟ್ಯಾಟಿಕ್ಕಿನ ಲೆಕ್ಕಕ್ಕೆ ಬೀಳುವ ಬೇರೆ ಹಾನಿಗಳೂ ಇವೆ. ಏಪ್ರಿಲ್–ಮೇ ತಿಂಗಳ ಸಿಡಿಲು ಮಳೆಯಲ್ಲಿ ನೆಟ್‌ವರ್ಕ್ ಕೇಬಲ್ಲಿನ ಮೂಲಕ ನುಗ್ಗುವ ಹೊಡೆತ, ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗಿನ ಕಡಿಮೆ ವೋಲ್ಟೇಜ್, ಕರೆಂಟು ಬಂದ ಕ್ಷಣದ ಏರು, ಇವಕ್ಕೆ ಕೈಪಟ್ಟಿ ಮದ್ದಲ್ಲ. ಸಿಡಿಲಿಗೆ ಕೇಬಲ್ ಕಿತ್ತಿಡುವುದೇ ಮದ್ದು. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಅದನ್ನು ಬಿಚ್ಚುವಾಗ ಕೈಪಟ್ಟಿ ಕಟ್ಟಿಕೊಳ್ಳದಿರುವುದೇ ಕ್ಷೇಮ.

ಕಚೇರಿ, ಶಾಲೆ, ಕಾಲೇಜು

ಈ ತಾಲ್ಲೂಕುಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ಪಹಣಿಯ ಜೊತೆ. ಭೂದಾಖಲೆಗಳ ಗಣಕೀಕರಣ ಯೋಜನೆ ‘ಭೂಮಿ’ ಮೊದಲು ಪ್ರಯೋಗವಾದದ್ದು ನೆರೆಯ ಮದ್ದೂರು ತಾಲ್ಲೂಕಿನಲ್ಲಿ. 2002ರ ಹೊತ್ತಿಗೆ ಅದು ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೆ ಹಬ್ಬಿತ್ತು. ಆಮೇಲೆ ಪ್ರೌಢಶಾಲೆಗಳ ಲ್ಯಾಬುಗಳು, ಗ್ರಾಮ ಪಂಚಾಯಿತಿಗಳ ಬಾಪೂಜಿ ಸೇವಾ ಕೇಂದ್ರಗಳು, ಹಾಲಿನ ಡೇರಿಗಳು, ಸಹಕಾರ ಸಂಘಗಳು. ಯಂತ್ರ ಕೊಳ್ಳಲು ಹಣ ಬಂದಷ್ಟು ಸುಲಭವಾಗಿ ಅರ್ಥಿಂಗ್ ಗುಂಡಿಗೆ ಹಣ ಬರುವುದಿಲ್ಲ. ಲ್ಯಾಬು ಉದ್ಘಾಟನೆಯಾದ ಮೇಲೆ ಅದರ ಅರ್ಥ್ ಅಳೆಯುವ ಹೊಣೆ ಯಾರದೆಂದು ಬರೆದಿಡದೇ ಹೋದರೆ ಅದು ಯಾರದೂ ಆಗುವುದಿಲ್ಲ.

ಕಲಿಸುವ ಕಡೆ ಕೊರತೆಯಿಲ್ಲ. ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರದು; ಕೆ.ಆರ್.ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ತಾಂತ್ರಿಕ ಕಾಲೇಜು ಇವೆ. ಕೈಗಾರಿಕಾ ತರಬೇತಿಯಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ವೃತ್ತಿಯೇ ಒಂದಿದೆ. ಇಲ್ಲಿ ಕಲಿತವರು ಮೈಸೂರಿನ ಕೇನ್ಸ್ ಟೆಕ್ನಾಲಜಿ, ನಂಜನಗೂಡಿನ ಎಟಿ ಅಂಡ್ ಎಸ್‌ನಂಥ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಹೋದರೆ ಸ್ಟ್ಯಾಟಿಕ್ ಶಿಸ್ತು ಕೆಲಸದ ಷರತ್ತೇ ಆಗಿರುತ್ತದೆ. ಊರಲ್ಲೇ ಅಂಗಡಿ ಇಟ್ಟವರಿಗೆ ಅದನ್ನು ಕಡ್ಡಾಯ ಮಾಡುವವರಿಲ್ಲ. ಒಳ್ಳೆಯ ಕೈಪಟ್ಟಿಗೆ ಕೆಲವು ನೂರು ರೂಪಾಯಿ, ಒಂದು ರ್‍ಯಾಮಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

ಶಾಲೆಗಳ ಕಂಪ್ಯೂಟರ್ ಬಿಚ್ಚಿ ದೂಳು ತೆಗೆಯುವ ಕೆಲಸವನ್ನು ಪರೀಕ್ಷೆ ಮುಗಿದ ಮಾರ್ಚ್–ಏಪ್ರಿಲ್ ಬಿಡುವಿನಲ್ಲಿ ಇಟ್ಟುಕೊಳ್ಳುವುದೇ ಹೆಚ್ಚು. ವರ್ಷದಲ್ಲಿ ಗಾಳಿ ಅತಿ ಒಣಗಿರುವ, ಅರ್ಥಿಂಗ್ ಗುಂಡಿಯೂ ಒಣಗಿರುವ ಹೊತ್ತು ಅದೇ. ಜೂನ್ ಮಳೆ ಹಿಡಿದ ಮೇಲೆ, ಶಾಲೆ ಆರಂಭದ ಮೊದಲ ವಾರಗಳಲ್ಲಿ ಮಾಡಿದರೆ ಅಪಾಯ ಕಡಿಮೆ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಹಿಂದಿನ ದಿನ ಗುಂಡಿಗೆ ನಾಲ್ಕಾರು ಕೊಡ ನೀರು ಹೊಯ್ದು, ಸಾಕೆಟ್ಟಿನ ಅರ್ಥನ್ನು ಎಲೆಕ್ಟ್ರಿಷಿಯನ್ನರಿಂದ ಬಲ್ಬಿನಲ್ಲಿ ಪರೀಕ್ಷಿಸಿ, ಬೆಳಗಿನ ಹೊತ್ತು ನೆಲ ಒರೆಸಿ, ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕು.